ಮಳೆ ನಿಂತಿತು, ಹಿತ್ತಲು ಕರೆಯಿತು

ದಸರಾ ಕಳೆಯಿತು. ಉತ್ತರೆ ಹೋಯಿತು. ಹಸ್ತ ಹೋಯಿತು. ಚಿತ್ತೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಕಾಣುತ್ತದೆ. ಸಂಜೆ ಬೇಗ ಕತ್ತಲಾಗುತ್ತದೆ. ಇದೇ ಶರದೃತು. ಆಶ್ವಯುಜ, ಕಾರ್ತಿಕ ಇದರ ತಿಂಗಳುಗಳು. ಕ್ಯಾಲೆಂಡರಿನಲ್ಲಿ ನೋಡಿದರೆ ಹೆಚ್ಚುಕಡಿಮೆ ಅಕ್ಟೋಬರ್, ನವೆಂಬರ್.

ಹೊಲದಲ್ಲಿ ರಾಗಿ ತೆನೆ ತೂಗುತ್ತಿದೆ. ಕೊಯ್ಲಿಗೆ ಇನ್ನೂ ಸ್ವಲ್ಪ ದಿನ ಇದೆ. ಕೈಗೆ ಒಂದಿಷ್ಟು ಬಿಡುವು ಸಿಕ್ಕಿದೆ.

"ಮಳೆ ಹೋಯ್ತಲ್ಲ, ಇನ್ನು ಹಿತ್ತಲಲ್ಲಿ ಏನು ಕೆಲಸ ಐತೆ?" ಅಂತ ಕೆಲವರು ಕೇಳುತ್ತಾರೆ.

ಹಿತ್ತಲಿಗೆ ಮುಖ್ಯವಾದ ಕೆಲಸ ಇರೋದೇ ಈಗ. ದಿನಕ್ಕೆ ಒಂದು ಗಂಟೆಯಂತೆ ಹದಿನೈದು ದಿನ ಕೆಲಸ ಮಾಡಿ. ಬೇಸಿಗೆ ಬರುವ ತನಕ ಮನೆಗೆ ಸೊಪ್ಪು, ತರಕಾರಿ ಸಿಗುತ್ತದೆ. ಆ ಕೆಲಸ ಯಾವುದು, ಹೇಗೆ ಮಾಡೋದು? ಇಲ್ಲಿ ಓದಿ ತಿಳಿಯೋಣ.

ಇಲ್ಲಿ ಹೇಳಿರುವುದು ಮುಖ್ಯವಾಗಿ ರಾಗಿ ಬೆಳೆಯುವ ಸೀಮೆಗೆ. ಅಂದರೆ ತುಮಕೂರು, ಕೋಲಾರ, ರಾಮನಗರ, ಮಂಡ್ಯ, ಹಾಸನದ ಬಯಲು ಕಡೆಗೆ. ಮಲೆನಾಡು, ಕರಾವಳಿಯಲ್ಲಿ ಮಳೆ ಬೇರೆ, ಮಣ್ಣು ಬೇರೆ. ಅಲ್ಲಿಯವರು ತಮ್ಮ ಊರಿನ ಹದ ನೋಡಿಕೊಳ್ಳಬೇಕು.

ಈಗಲೇ ಯಾಕೆ?

ಮಳೆಗಾಲದಲ್ಲಿ ನೆಲ ನೀರು ಕುಡಿದಿದೆ. ಒಂದು ಗೇಣು ಅಗೆದು ನೋಡಿ. ಮಣ್ಣು ತಣ್ಣಗಿರುತ್ತದೆ. ಕೈಯಲ್ಲಿ ಹಿಡಿದರೆ ಉಂಡೆ ಆಗುತ್ತದೆ. ಆದರೆ ಬಿಸಿಲು, ಗಾಳಿ ದಿನವೂ ಆ ತೇವವನ್ನು ಎಳೆದುಕೊಂಡು ಹೋಗುತ್ತವೆ. ಇನ್ನೊಂದು ತಿಂಗಳು ಸುಮ್ಮನೆ ಬಿಟ್ಟರೆ ನೆಲ ಗಟ್ಟಿಯಾಗುತ್ತದೆ. ಆಮೇಲೆ ಗುದ್ದಲಿ ಹಾಕಿದರೂ ಏಳುವುದಿಲ್ಲ.

ಇನ್ನೊಂದು ಕಾರಣ ಬಿಸಿಲು. ಈಗಿನ ಬಿಸಿಲು ಹದವಾಗಿದೆ. ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿ ಇವಕ್ಕೆ ತಂಪು ಬೇಕು. ಬೇಸಿಗೆಯಲ್ಲಿ ಹಾಕಿದ ಕೊತ್ತಂಬರಿ ಬೇಗ ಹೂವಿಗೆ ಹೋಗುತ್ತದೆ, ಸೊಪ್ಪು ಸಿಗೋದಿಲ್ಲ. ಈಗ ಹಾಕಿದರೆ ಎಲೆ ಚೆನ್ನಾಗಿ ಬರುತ್ತದೆ.

ಅವರೆ ಬಳ್ಳಿಯನ್ನು ನೋಡಿ. ಮುಂಗಾರಿನಲ್ಲಿ ಹಾಕಿದ ನಾಟಿ ಅವರೆ ಇಷ್ಟು ದಿನ ಬರೀ ಎಲೆ ಬಿಟ್ಟುಕೊಂಡು ಹಬ್ಬುತ್ತಿತ್ತು. ಸೆಪ್ಟೆಂಬರ್ 23 ಕಳೆದ ಮೇಲೆ ಹಗಲು ಕಿರಿದಾಗುತ್ತದೆ, ರಾತ್ರಿ ಉದ್ದ ಆಗುತ್ತದೆ. ಅದು ಬಳ್ಳಿಗೆ ಗೊತ್ತಾಗುತ್ತದೆ. ಆಗ ಹೂ ಬಿಡುತ್ತದೆ. ಅದಕ್ಕೇ ಸೊಗಡಿನ ಅವರೆಕಾಯಿ ಚಳಿಗಾಲದಲ್ಲೇ ಬರೋದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಎಂಬ ತಳಿಗಳನ್ನು ತಂದಿದ್ದಾರೆ. ಅವುಗಳಲ್ಲಿ 3 ಮತ್ತು 4ನೇ ತಳಿ ಹಗಲು ರಾತ್ರಿಯ ಲೆಕ್ಕ ಇಡುವುದಿಲ್ಲ. ಅವು ವರ್ಷವಿಡೀ ಕಾಯಿ ಬಿಡುತ್ತವೆ.

ಸೊಪ್ಪು ಯಾಕೆ ಬೇಕು?

"ಯಾಕೋ ಸುಸ್ತು ಕಣವ್ವ. ಎರಡು ಕೊಡ ನೀರು ಹೊತ್ತರೆ ಏದುಸಿರು ಬತ್ತದೆ." ಈ ಮಾತನ್ನು ನೀವೂ ಕೇಳಿದ್ದೀರಿ. ನೀವೇ ಹೇಳಿರಲೂಬಹುದು. ಇದು ಸೋಮಾರಿತನ ಅಲ್ಲ. ಬಹಳ ಸಲ ಇದಕ್ಕೆ ಕಾರಣ ರಕ್ತ ಕಡಿಮೆ ಆಗಿರುವುದು. ಇದನ್ನು ರಕ್ತಹೀನತೆ ಎನ್ನುತ್ತಾರೆ.

2019ರಿಂದ 2021ರ ತನಕ ನಮ್ಮ ದೇಶದಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತ ಕಡಿಮೆ ಎಂದು ಗೊತ್ತಾಯಿತು. ಅಂದರೆ ಈ ಪಾಠ ಓದುತ್ತಿರುವ ಇಬ್ಬರು ಅಕ್ಕಂದಿರಲ್ಲಿ ಒಬ್ಬರಿಗೆ ರಕ್ತ ಕಡಿಮೆ ಇರಬಹುದು.

ರಕ್ತಕ್ಕೆ ಕಬ್ಬಿಣದ ಅಂಶ ಬೇಕು. ಹಸಿರು ಸೊಪ್ಪು, ಕಾಳು, ರಾಗಿ, ಮಾಂಸ ಇವುಗಳಲ್ಲಿ ಅದು ಇದೆ. ನುಗ್ಗೆಸೊಪ್ಪು, ಹಳದಿ ಕುಂಬಳ, ಪಪ್ಪಾಯಿ ತಿಂದರೆ ಎ ಜೀವಸತ್ವವೂ ಸಿಗುತ್ತದೆ. ಅದು ಕಡಿಮೆಯಾದರೆ ಮಕ್ಕಳಿಗೆ ಇರುಳು ಕುರುಡು ಬರುತ್ತದೆ.

ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ಆಗ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಸೇರುತ್ತದೆ. ಊಟ ಆದ ತಕ್ಷಣ ಟೀ ಕುಡಿಯಬೇಡಿ. ಟೀ ಅದನ್ನು ತಡೆಯುತ್ತದೆ. ಬರೀ ಸೊಪ್ಪಿನಿಂದಲೇ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಸುಸ್ತು ಹೆಚ್ಚಿದ್ದರೆ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಯರು ಆಶಾ ಕಾರ್ಯಕರ್ತೆ ಕೊಡುವ ಮಾತ್ರೆಯನ್ನು ಬಿಡದೆ ನುಂಗಬೇಕು.

ಮೊದಲ ಕೆಲಸ: ಆಯುಧ, ಕಳೆ, ಕಸ

ಆಯುಧಪೂಜೆಗೆ ಕುಡುಗೋಲು, ಗುದ್ದಲಿ, ಮಚ್ಚು ತೊಳೆದು ಕುಂಕುಮ ಇಟ್ಟಿದ್ದೇವೆ. ಪೂಜೆ ಆಯಿತು. ಈಗ ಅವನ್ನು ಮಸೆಯಬೇಕು. ಸಡಿಲವಾದ ಕಾವು ಬಿಗಿ ಮಾಡಬೇಕು. ಮೊಂಡು ಕುಡುಗೋಲಿನಿಂದ ಕೆಲಸ ಎರಡು ಪಟ್ಟು. ಕೈ ಕೊಯ್ದುಕೊಳ್ಳುವ ಭಯವೂ ಹೆಚ್ಚು.

ಮಳೆಗೆ ಬೆಳೆದ ಕಳೆ ಈಗ ಹೂ ಬಿಡುತ್ತಿದೆ. ಅದು ಬೀಜ ಉದುರಿಸುವ ಮೊದಲೇ ಕೀಳಬೇಕು. ಪಾರ್ಥೇನಿಯಂ, ಅಂದರೆ ನಾವು ಕಾಂಗ್ರೆಸ್ ಗಿಡ ಅನ್ನುತ್ತೇವಲ್ಲ, ಅದು ಮುಟ್ಟಿದರೆ ಕೆಲವರಿಗೆ ಮೈ ತುರಿಸುತ್ತದೆ, ಉಬ್ಬಸ ಬರುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ನೆಲ ಹಸಿ ಇರುವಾಗ ಬೇರು ಸಮೇತ ಕೀಳಿ. ಇದರ ಎಲೆ ತಿನ್ನುವ ಒಂದು ಸಣ್ಣ ಜೀರುಂಡೆ ಇದೆ. ಅದನ್ನು ಮೆಕ್ಸಿಕೋ ದೇಶದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಬಿಳಿ ಮೈಮೇಲೆ ಕಂದು ಗೆರೆ ಇರುವ ಆ ಹುಳು ಕಂಡರೆ ಕೊಲ್ಲಬೇಡಿ. ಅದು ನಮ್ಮ ಕಡೆಯದು.

ಎಲ್ಲ ಗಿಡವೂ ಕಳೆಯಲ್ಲ. ಅಣ್ಣೆಸೊಪ್ಪು, ಹೊನಗನ್ನೆ, ಗೋಣಿಸೊಪ್ಪು, ಕೀರೆ ತಾವಾಗಿಯೇ ಹುಟ್ಟುತ್ತವೆ. ಬೆರಕೆಸೊಪ್ಪಿನ ಸಾರಿಗೆ ಅವೇ ಬೇಕು. ಊರಿನ ಹಿರಿಯ ಹೆಂಗಸರಿಗೆ ಇವು ಚೆನ್ನಾಗಿ ಗೊತ್ತು. ಅವರ ಜೊತೆ ಹೋಗಿ ಗುರುತು ಹಿಡಿಯಲು ಕಲಿಯಿರಿ. ಗುರುತು ಸಿಗದ ಸೊಪ್ಪನ್ನು ತಿನ್ನಬೇಡಿ.

ಹುಲ್ಲು ಎತ್ತರ ಬೆಳೆದ ಕಡೆ ಬರಿಗೈ ಹಾಕಬೇಡಿ. ಕೋಲಿನಿಂದ ತಟ್ಟಿ, ಆಮೇಲೆ ಮುಂದೆ ಹೋಗಿ. ಕೊಳಕುಮಂಡಲ, ನಾಗರಹಾವು ಇಲಿ ಹುಡುಕಿಕೊಂಡು ಬಂದಿರುತ್ತವೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ. ಕೊಯ್ಯಬೇಡಿ. ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಬೇಗ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಾವಿನ ವಿಷಕ್ಕೆ ಔಷಧ ಇರೋದು ಅಲ್ಲಿ.

ಹಿತ್ತಲಲ್ಲಿ ಬಿದ್ದ ತೆಂಗಿನ ಚಿಪ್ಪು, ಒಡೆದ ಮಡಕೆ, ಹಳೇ ಟೈರು ಇವುಗಳಲ್ಲಿ ಮಳೆ ನೀರು ನಿಂತಿರುತ್ತದೆ. ಡೆಂಗಿ ಜ್ವರದ ಸೊಳ್ಳೆ ಮೊಟ್ಟೆ ಇಡುವುದು ಇಂಥ ನೀರಿನಲ್ಲೇ. ಮೊಟ್ಟೆ ಒಡೆದು ಸೊಳ್ಳೆಯಾಗಿ ಹಾರಲು ವಾರ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೆ ಒಂದು ದಿನ ಎಲ್ಲವನ್ನೂ ಬೋರಲು ಹಾಕಿ. ನೀರಿನ ತೊಟ್ಟಿಯನ್ನೂ ಅದೇ ದಿನ ಉಜ್ಜಿ ತೊಳೆಯಿರಿ.

ಎರಡನೇ ಕೆಲಸ: ಗೊಬ್ಬರದ ಗುಂಡಿ

ಕಿತ್ತ ಕಳೆ, ಒಣಗಿದ ಎಲೆ, ಸಗಣಿ, ಒಲೆಯ ಬೂದಿ, ತರಕಾರಿ ಸಿಪ್ಪೆ. ಇದೆಲ್ಲ ಕಸ ಅಲ್ಲ, ಗೊಬ್ಬರ. ಬೆಂಕಿ ಹಚ್ಚಬೇಡಿ.

ನೆರಳಿನಲ್ಲಿ ಒಂದು ಗುಂಡಿ ತೆಗೆಯಿರಿ. 6 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳ ಇದ್ದರೆ ಸಾಕು. ಒಂದು ಪದರ ಒಣ ಎಲೆ ಹಾಕಿ. ಒಂದು ಪದರ ಹಸಿ ಕಳೆ ಹಾಕಿ. ಅದರ ಮೇಲೆ ಸಗಣಿ ನೀರು ಚಿಮುಕಿಸಿ. ಸ್ವಲ್ಪ ಮಣ್ಣು ಉದುರಿಸಿ. ಗುಂಡಿ ತುಂಬುವ ತನಕ ಹೀಗೇ ಮಾಡಿ. ಕೊನೆಗೆ ಮಣ್ಣು ಮೆತ್ತಿ ಮುಚ್ಚಿ. ಬೀಜ ಬಲಿತ ಕಳೆ ಹಾಕಬೇಡಿ, ಅದು ಮತ್ತೆ ಹುಟ್ಟುತ್ತದೆ. ಪ್ಲಾಸ್ಟಿಕ್ ಹಾಕಲೇಬೇಡಿ.

ತಿಂಗಳಿಗೊಮ್ಮೆ ತಿರುವಿ ಹಾಕಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ನೀರು ತೊಟ್ಟಿಕ್ಕಬಾರದು. ಆದರೆ ಉಂಡೆ ಆಗಬೇಕು. ಅದೇ ಹದ. ಮೂರು ನಾಲ್ಕು ತಿಂಗಳಲ್ಲಿ ಕಪ್ಪಗೆ, ಮಣ್ಣಿನ ವಾಸನೆ ಬರುವ ಗೊಬ್ಬರ ಸಿಗುತ್ತದೆ.

ಮೂರನೇ ಕೆಲಸ: ಪಾತಿ ಮಾಡುವುದು, ಬಿತ್ತುವುದು

ಪಾತಿಯ ಅಗಲ 3 ಅಡಿ ಇರಲಿ. ಆಗ ಎರಡು ಕಡೆಯಿಂದಲೂ ಕೈ ಎಟುಕುತ್ತದೆ. ಪಾತಿಯ ಒಳಗೆ ಕಾಲಿಡಬೇಡಿ. ತುಳಿದ ಮಣ್ಣಿನಲ್ಲಿ ಬೇರು ಇಳಿಯುವುದಿಲ್ಲ. ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ. ಹಸಿ ಸಗಣಿ ಬೇಡ.

ಪಾತಿಯನ್ನು ನಾಲ್ಕು ಪಾಲು ಮಾಡಿ. ಮೊದಲ ವಾರ ಒಂದು ಪಾಲಿಗೆ ಮೆಂತ್ಯ ಹಾಕಿ. ಎರಡನೇ ವಾರ ಇನ್ನೊಂದು ಪಾಲಿಗೆ ಹಾಕಿ. ಹೀಗೆ ನಾಲ್ಕು ವಾರ ನಾಲ್ಕು ಪಾಲು. ಮೆಂತ್ಯ ಸುಮಾರು ನಾಲ್ಕು ವಾರಕ್ಕೆ ಕೀಳಲು ಬರುತ್ತದೆ. ನಾಲ್ಕನೆಯದಕ್ಕೆ ಬಿತ್ತಿ ಮುಗಿಸುವಾಗ ಮೊದಲನೆಯದು ಸಾರಿಗೆ ಸಿದ್ಧ. ಕಿತ್ತ ಪಾಲಿಗೆ ದಂಟು, ಪಾಲಕ್ ಏನಾದರೂ ಹಾಕಿ. ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಒಂದೇ ದಿನ ಬರುತ್ತದೆ. ತಿಂದು ಮುಗಿಯುವುದಿಲ್ಲ, ಆಮೇಲೆ ಇರುವುದೂ ಇಲ್ಲ.

ಮೆಂತ್ಯವನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಬಿತ್ತಿ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ದಂಟಿನ ಬೀಜ ತೀರಾ ಸಣ್ಣದು. ಮರಳು ಬೆರೆಸಿ ಎರಚಿ. ಬೀಜ ಎಷ್ಟು ದಪ್ಪವೋ ಅದರ ಎರಡು ಮೂರರಷ್ಟು ಮಾತ್ರ ಮಣ್ಣು ಮುಚ್ಚಿ. ಮೂಲಂಗಿ 40ರಿಂದ 50 ದಿನಕ್ಕೆ ಬರುತ್ತದೆ. ಎಳೆಯದಿದ್ದಾಗ ಅದರ ಸೊಪ್ಪೂ ಪಲ್ಯಕ್ಕೆ ಆಗುತ್ತದೆ.

ಬದನೆ, ಟೊಮೆಟೊ, ಮೆಣಸಿನಕಾಯಿಗೆ ಮೊದಲು ಒಟ್ಲು ಹಾಕಬೇಕು. ಒಟ್ಲು ಮಡಿ ಅರ್ಧ ಅಡಿ ಎತ್ತರ ಇರಲಿ. ಸ್ವಾತಿ ಮಳೆ ಬಂದರೂ ನೀರು ನಿಲ್ಲುವುದಿಲ್ಲ. ಸುಮಾರು ಒಂದು ತಿಂಗಳಿಗೆ ಸಸಿ ಕಿತ್ತು ಸಂಜೆ ಹೊತ್ತು ನಾಟಿ ಮಾಡಿ.

ಜಾಗ ಇಲ್ಲವೇ? ಹಳೇ ಗೋಣಿಚೀಲ, ತೂತಾದ ಬಕೆಟ್ಟು, ಸಿಮೆಂಟು ಚೀಲ ಸಾಕು. ತಳದಲ್ಲಿ ತೂತು ಇರಬೇಕು. ಬೇಲಿಗೆ ಒಂದು ನುಗ್ಗೆ ಕೊಂಬೆ ನೆಡಿ.

ನಾಲ್ಕನೇ ಕೆಲಸ: ತೇವ ಉಳಿಸುವುದು

ಮಳೆ ನಿಂತ ಮೇಲೆ ನೀರಿನದೇ ಚಿಂತೆ. ಇದಕ್ಕೆ ಎರಡು ಉಪಾಯ ಇವೆ.

ಒಂದು, ಹೊದಿಕೆ. ಗಿಡದ ಸುತ್ತ ಒಣ ಎಲೆ, ಹುಲ್ಲು, ಕಡಲೆಕಾಯಿ ಸಿಪ್ಪೆ ನಾಲ್ಕು ಬೆರಳು ದಪ್ಪ ಹರಡಿ. ಬಿಸಿಲು ಮಣ್ಣಿಗೆ ತಾಗುವುದಿಲ್ಲ. ಎರಡು ದಿನಕ್ಕೆ ಹಾಕುತ್ತಿದ್ದ ನೀರನ್ನು ಇನ್ನೂ ತಡೆದು ಹಾಕಬಹುದು. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಕೊಳೆಯುತ್ತದೆ. ಗೆದ್ದಲು ಬಂದಿದೆಯೇ ಎಂದು ಆಗಾಗ ಎತ್ತಿ ನೋಡಿ.

ಎರಡು, ಬಚ್ಚಲ ನೀರು. ಅದು ರಸ್ತೆಗೆ ಹರಿದರೆ ಕೊಚ್ಚೆ. ಬಾಳೆಗೆ ಹರಿದರೆ ಗೊನೆ. ಜಲ್ಲಿ ತುಂಬಿದ ಸಣ್ಣ ಗುಂಡಿ ದಾಟಿಸಿ ಬಾಳೆ, ಪಪ್ಪಾಯಿ, ತೆಂಗಿನ ಬುಡಕ್ಕೆ ಬಿಡಿ. ಸೊಪ್ಪಿನ ಪಾತಿಗೆ ಸೋಪಿನ ನೀರು ಬೇಡ. ಸೊಪ್ಪಿಗೆ ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು ಹಾಕಿ.

ಐದನೇ ಕೆಲಸ: ಹುಳ ಹುಪ್ಪಟೆ

ಅವರೆ ಕುಡಿಗೆ ಕಪ್ಪು ಹೇನು ಮುತ್ತಿಕೊಳ್ಳುತ್ತದೆ. ಬೆಳಿಗ್ಗೆ ಇಬ್ಬನಿ ಇರುವಾಗ ಜರಡಿ ಹಿಡಿದ ಒಲೆ ಬೂದಿ ಉದುರಿಸಿ. ಹೆಚ್ಚಾದರೆ ಬೇವಿನ ಬೀಜದ ಕಷಾಯ ಮಾಡಿ. ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿ ಬೇಕು. ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಚೂರು ಸೋಪು ಕರಗಿಸಿ ಬೆರೆಸಿ. ಸಂಜೆ ಎಲೆಯ ಅಡಿಗೂ ಸಿಂಪಡಿಸಿ.

ಹೊಲಕ್ಕೆ ತಂದ ವಿಷದ ಔಷಧವನ್ನು ಹಿತ್ತಲ ಸೊಪ್ಪಿಗೆ ಹೊಡೆಯಬೇಡಿ. ಇವತ್ತು ಹೊಡೆದದ್ದನ್ನು ನಾಳೆ ನಮ್ಮ ಮಕ್ಕಳೇ ತಿನ್ನಬೇಕು.

ಆರನೇ ಕೆಲಸ: ಬೀಜ ಎತ್ತಿಡುವುದು

ಇದು ಎಲ್ಲಕ್ಕಿಂತ ದೊಡ್ಡ ಕೆಲಸ. ಬೀಜ ನಮ್ಮ ಮನೆಯಲ್ಲಿದ್ದರೆ ಮುಂದಿನ ವರ್ಷ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ.

"ಅತ್ತೆ, ಈ ಕಡೇ ಕಾಯಿ ಸಣ್ಣದು. ಇದನ್ನೇ ಬೀಜಕ್ಕೆ ಬಿಡೋದಾ?"

"ಬ್ಯಾಡ ಕಣವ್ವ. ಚೆನ್ನಾಗಿರೋದು ತಿಂದು, ಕೆಟ್ಟದ್ದು ಬೀಜಕ್ಕೆ ಬಿಟ್ಟರೆ ಬರೋ ವರ್ಷ ಎಲ್ಲಾ ಕೆಟ್ಟದ್ದೇ ಬತ್ತದೆ."

ಅತ್ತೆ ಹೇಳಿದ್ದು ಸರಿ. ರೋಗ ಇಲ್ಲದ, ಹೆಚ್ಚು ಕಾಯಿ ಬಿಟ್ಟ ಗಿಡಕ್ಕೆ ಈಗಲೇ ಒಂದು ಕೆಂಪು ದಾರ ಕಟ್ಟಿ. ಆ ಗಿಡದ ಒಳ್ಳೇ ಕಾಯಿಯನ್ನು ಕೀಳಬೇಡಿ. ಬದನೆ ಹಳದಿಯಾಗುವ ತನಕ, ಬೆಂಡೆ ಒಣಗುವ ತನಕ ಗಿಡದಲ್ಲೇ ಇರಲಿ. ಸೋರೆಕಾಯಿ ತುದಿ ಕಹಿ ಇದ್ದರೆ ಅದರ ಬೀಜ ಇಡಬೇಡಿ. ಆ ಕಾಯಿಯನ್ನು ತಿನ್ನಲೂಬೇಡಿ. ಕಹಿ ಸೋರೆ ವಿಷ.

ಅಂಗಡಿಯಿಂದ ತಂದ ಹೈಬ್ರಿಡ್ ಬೀಜದ ಗಿಡದಿಂದ ಬೀಜ ಎತ್ತಿದರೆ ಅದು ತಾಯಿ ಗಿಡದ ಹಾಗೆ ಬರುವುದಿಲ್ಲ. ಒಂದು ಉದ್ದ, ಒಂದು ಗಿಡ್ಡ, ಒಂದು ಬಂಜೆ ಹೀಗೆ ಬರುತ್ತದೆ. ನಾಟಿ ಬೀಜವನ್ನೇ ಎತ್ತಿಡಿ. ಅಂಗಡಿ ಬೀಜಕ್ಕೆ ಬಣ್ಣ ಹಚ್ಚಿದ್ದರೆ ಅದು ವಿಷದ ಔಷಧ. ಉಳಿದರೂ ಅಡುಗೆಗೆ ಬಳಸಬೇಡಿ.

ಬೀಜವನ್ನು ಮೊರದಲ್ಲಿ ಹರಡಿ ಬೆಳಗಿನ ಬಿಸಿಲಿಗೆ ಇಡಿ. ಕಾಳನ್ನು ಕಚ್ಚಿ ನೋಡಿ. ಕಟ್ ಎಂದು ಒಡೆದರೆ ಒಣಗಿದೆ. ಬೂದಿ ಬೆರೆಸಿ ಕುಡಿಕೆಗೆ ತುಂಬಿ, ಬೇವಿನ ಎಲೆ ಹಾಕಿ, ಬಾಯಿ ಕಟ್ಟಿ. ನೆಲದ ತೇವ ತಾಗದಂತೆ ಹಲಗೆಯ ಮೇಲೆ ಇಡಿ.

ಈಗ ನೀವು ಕಲಿತ ಅಕ್ಷರ ಕೆಲಸಕ್ಕೆ ಬರುತ್ತದೆ. ಒಂದು ಚೀಟಿ ತೆಗೆದುಕೊಳ್ಳಿ. ಹೀಗೆ ಬರೆದು ಕುಡಿಕೆಗೆ ಅಂಟಿಸಿ:

ಬೀಜ: ಬದನೆ
ಗಿಡ: ಬಾವಿಯ ಹತ್ತಿರದ್ದು
ಎತ್ತಿದ ದಿನ: ನವೆಂಬರ್ 10

ಮೊದಲು ಇದೆಲ್ಲ ನೆನಪಿನಲ್ಲೇ ಇರಬೇಕಿತ್ತು. ಅಜ್ಜಿ ಹೋದರೆ ಅಜ್ಜಿಯ ಜೊತೆ ಬೀಜದ ಲೆಕ್ಕವೂ ಹೋಗುತ್ತಿತ್ತು. ಇನ್ನು ಮೇಲೆ ಹಾಗಾಗುವುದಿಲ್ಲ. ಬರೆದಿಟ್ಟದ್ದು ಮೊಮ್ಮಗಳಿಗೂ ಸಿಗುತ್ತದೆ.

ಬಿತ್ತುವ ಮೊದಲು ಪರೀಕ್ಷೆ ಮಾಡಿ. ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎಂಟು ಮೊಳೆತರೆ ಒಳ್ಳೇ ಬೀಜ. ಐದು ಮೊಳೆತರೆ ಎರಡರಷ್ಟು ಬಿತ್ತಬೇಕು. ಅದಕ್ಕೂ ಕಡಿಮೆ ಆದರೆ ಬೇರೆ ಬೀಜ ಹುಡುಕಿ.

ಲೆಕ್ಕ ಹಾಕೋಣ

ಸೊಪ್ಪು ತರಕಾರಿಗೆ ದಿನಕ್ಕೆ 20 ರೂಪಾಯಿ ಖರ್ಚು ಅಂತ ಇಟ್ಟುಕೊಳ್ಳಿ. ತಿಂಗಳಿಗೆ 600 ರೂಪಾಯಿ. ನಾಲ್ಕು ತಿಂಗಳಿಗೆ 2,400 ರೂಪಾಯಿ. ಹಿತ್ತಲು ಇದರಲ್ಲಿ ಅರ್ಧ ಉಳಿಸಿದರೂ 1,200 ರೂಪಾಯಿ ಕೈಯಲ್ಲಿ ಉಳಿಯುತ್ತದೆ. ನಿಮ್ಮ ಮನೆಯ ಖರ್ಚು ಎಷ್ಟು? ನೀವೇ ಬರೆದು ನೋಡಿ.

ಆದರೆ ಒಂದು ಮಾತು. ಬೆಳೆದ ಸೊಪ್ಪನ್ನೆಲ್ಲ ಸಂತೆಗೆ ಹೊತ್ತು ದುಡ್ಡು ಮಾಡಿದರೆ ರಕ್ತ ಹೆಚ್ಚುವುದಿಲ್ಲ. ಮೊದಲು ಮನೆಗೆ, ಉಳಿದದ್ದು ಸಂತೆಗೆ. ಮನೆಯಲ್ಲೂ ನೋಡಿ. ಗಂಡಸರು ಉಂಡರು, ಮಕ್ಕಳು ಉಂಡರು. ಕಡೆಗೆ ಪಾತ್ರೆಯ ತಳದಲ್ಲಿ ಬರೀ ತಿಳಿ ಉಳಿಯಿತು. ಅದನ್ನೇ ಮುದ್ದೆಗೆ ಹಚ್ಚಿಕೊಂಡು ಏಳುತ್ತಾಳೆ ಮನೆಯಾಕೆ. ಪಾತಿ ಮಾಡಿದವಳು ಅವಳು, ನೀರು ಹೊತ್ತವಳು ಅವಳು. ಸೊಪ್ಪು ಮಾತ್ರ ಅವಳಿಗಿಲ್ಲ. ಇದು ನ್ಯಾಯವೇ? ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಸೊಪ್ಪನ್ನು ಎಲ್ಲರಿಗೂ ಸಮನಾಗಿ ಬಡಿಸಿ. ಹಿತ್ತಲಿಗೆ ಎರಡು ಕೊಡ ನೀರು ಅಣ್ಣಂದಿರೂ ಹೊರಲಿ.

ನೆನಪಿಡಿ

1. ನೆಲದಲ್ಲಿ ತೇವ ಇರುವಾಗಲೇ ಪಾತಿ ಮಾಡಿ.
2. ಕಳೆ ಬೀಜ ಬಿಡುವ ಮೊದಲು ಕೀಳಿ. ಸುಡಬೇಡಿ, ಗೊಬ್ಬರ ಮಾಡಿ.
3. ವಾರಕ್ಕೆ ಒಂದು ಪಾಲು ಬಿತ್ತಿ. ವಾರ ವಾರವೂ ಸೊಪ್ಪು ತಿನ್ನಿ.
4. ಗಿಡದ ಬುಡಕ್ಕೆ ಹೊದಿಕೆ, ಬಾಳೆಗೆ ಬಚ್ಚಲ ನೀರು.
5. ಒಳ್ಳೇ ಗಿಡಕ್ಕೆ ದಾರ ಕಟ್ಟಿ. ಬೀಜದ ಕುಡಿಕೆಗೆ ಚೀಟಿ ಅಂಟಿಸಿ.
6. ಬೆಳೆದವರೂ ತಿನ್ನಬೇಕು.

ಮಾತಾಡಿ, ಬರೆಯಿರಿ

ನಿಮ್ಮ ಹಿತ್ತಲಲ್ಲಿ ತಾವಾಗಿಯೇ ಹುಟ್ಟುವ ಐದು ಸೊಪ್ಪಿನ ಹೆಸರು ಬರೆಯಿರಿ.

ನಿಮ್ಮ ಊರಿನಲ್ಲಿ ಮೊದಲು ಇದ್ದು ಈಗ ಕಾಣದ ತರಕಾರಿ ಯಾವುದು? ಅದರ ಬೀಜ ಯಾರ ಮನೆಯಲ್ಲಿ ಇರಬಹುದು? ಹೋಗಿ ಕೇಳಿ. ಅವರ ಬೀಜ ಒಂದು ಹಿಡಿ ತನ್ನಿ, ನಿಮ್ಮ ಬೀಜ ಒಂದು ಹಿಡಿ ಕೊಡಿ.